ಪ್ರಸಾರ ಭಂಡಾರದ ಬೀಗ

"ದೂರದರ್ಶನದ ಹಳೆಯ ಆಟಗಳನ್ನು ಮನೆಯಲ್ಲಿಟ್ಟುಕೊಂಡು ಯಾರು ನೋಡುವರು? ಮೊಬಾಯಿಲಿನಲ್ಲಿ ಎಲ್ಲವೂ ಪುಕ್ಕಟೆ ದೊರೆಯುವದಲ್ಲ!" ಎಂದು ನಮ್ಮ ಸಂಘದ ಸಭೆಯಲ್ಲಿ ವಿದ್ವಾಂಸರೊಬ್ಬರು ಅಪ್ಪಣೆ ಕೊಡಿಸಿದರು. ಅವರಲ್ಲಿ ನನಗೆ ಗೌರವವುಂಟು. ಅವರ ಮತದಲ್ಲಿ ಲೇಶವೂ ಇಲ್ಲ.

ವಾಚಕ ಮಹಾಶಯರು 1987ನೆಯ ಇಸವಿಯನ್ನು ಸ್ಮರಿಸಬೇಕು. ಆ ವರ್ಷದ ಜನವರಿಯಲ್ಲಿ ರಮಾನಂದ ಸಾಗರರ ರಾಮಾಯಣವು ದೂರದರ್ಶನದಲ್ಲಿ ಆರಂಭವಾಯಿತು. ರವಿವಾರ ಮುಂಜಾನೆ ಇಲಕಲ್ಲಿನ ಓಣಿಗಳಲ್ಲಿ ಮಗ್ಗದ ಸದ್ದು ನಿಲ್ಲುತ್ತಿದ್ದಿತು. ಮುಂದೆ 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ಅದನ್ನೇ ಮರಳಿ ತೋರಿಸಬೇಕೆಂದು ನಿರ್ಣಯವಾಯಿತು. ಆಗ ಪ್ರಸಾರ ಭಾರತಿಯು ಅದನ್ನು ಸಾಗರರ ಮನೆತನದವರಿಂದ ಪಡೆಯಬೇಕಾಯಿತು! ಹಕ್ಕು ನಿರ್ಮಾಪಕರದೆಂಬದು ಸರಿಯೇ. ಆದರೆ ಕೀಲಿಕೈಯು ಯಾರ ಮನೆಯಲ್ಲಿದ್ದಿತೆಂಬದನ್ನು ಗಮನಿಸಿರಿ.

ಇಂಗ್ಲೆಂಡಿನ ಬಿ.ಬಿ.ಸಿ.ಯ ಕಥೆಯು ಇನ್ನೂ ಬೋಧಪ್ರದವಾದುದು. 1960–70ರ ದಶಕಗಳಲ್ಲಿ, ಟೇಪು ದುಬಾರಿಯೆಂದೂ ಮರುಪ್ರಸಾರದ ಹಕ್ಕು ತೀರಿತೆಂದೂ ಆ ಸಂಸ್ಥೆಯು ತನ್ನ ನಾಟಕಗಳೆಷ್ಟನ್ನೋ ತಾನೇ ಅಳಿಸಿತು. ಪಾಟಿಯನ್ನೊರೆಸುವ ಹುಡುಗನಾದರೂ ಒಮ್ಮೆ ಉತ್ತರವನ್ನು ನೋಡುವನು. 1980ರ ಸುಮಾರಿಗೆ ಮನೆಗಳಿಗೆ ವೀಡಿಯೋ ಕ್ಯಾಸೆಟ್ಟು ಮಾರುವ ವ್ಯಾಪಾರಕ್ಕೆ ಕೈಹಾಕಿದ ಮೇಲೆ, ಅಳಿಸಿದ್ದೆಲ್ಲ ಸರಕಾಗಬಹುದಿತ್ತೆಂಬ ಜ್ಞಾನೋದಯವಾಯಿತು. 'ಡಾಕ್ಟರ್ ಹೂ' ಎಂಬ ಮಾಲೆಯ 1967ರ ಕಥೆಯೊಂದು ಹಾಂಗ್‌ಕಾಂಗಿನಲ್ಲಿ ಸಿಕ್ಕಿ 1992ರಲ್ಲಿ ಕ್ಯಾಸೆಟ್ಟಾಗಿ ಹೊರಬಂದಿತು. ಎಷ್ಟೋ ಕಂತುಗಳ ಚಿತ್ರವು ಇಂದಿಗೂ ಇಲ್ಲ. ಧ್ವನಿಯು ಮಾತ್ರ ಉಳಿದಿದೆ. ಏಕೆಂದರೆ ಪ್ರೇಕ್ಷಕರು ತಮ್ಮ ಮನೆಗಳಲ್ಲಿ ಅದನ್ನು ಟೇಪಿಗೆ ಹಿಡಿದಿಟ್ಟಿದ್ದರು! ಬಿ.ಬಿ.ಸಿ.ಯು ಆ ಧ್ವನಿಯನ್ನೇ ಮುಂದೆ ಮಾರಿತು.

ನಮ್ಮ ಸೀಮೆಗೆ ಇದು ಹೊಸ ಪಾಠವಲ್ಲ. ವಿಜಾಪುರದ ಫ.ಗು. ಹಳಕಟ್ಟಿಯವರು ವಚನಗಳನ್ನು ಕಲೆಹಾಕಿದ್ದು ಯಾವ ರಾಜಭಂಡಾರದಿಂದಲೂ ಅಲ್ಲ, ಮನೆ-ಮಠಗಳ ತಾಡೋಲೆಗಳಿಂದ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. (ಪುಸ್ತಕವನ್ನು ಕೈಬಿಡಬಾರದೆಂದು ಪಾಠಶಾಲೆಯಲ್ಲಿ ಕಲಿತವನು ನಾನು, ಈ ವಯಸ್ಸಿನಲ್ಲಿ ಹಂಚಿರೆಂದು ವಾದಿಸುತ್ತಿದ್ದೇನೆ.)

ಆಕಾಶವಾಣಿಯೂ ದೂರದರ್ಶನವೂ ತಮ್ಮ ಭಂಡಾರದಿಂದ ಸಿ.ಡಿ., ಡಿ.ವಿ.ಡಿ.ಗಳನ್ನು ಮಾರಿದುದುಂಟು, ಈಗ ಅಂತರಜಾಲದಲ್ಲಿಯೂ ಹರಿಯಬಿಟ್ಟಿರುವರು. ಶಾಸ್ತ್ರೀಯ ಸಂಗೀತಕ್ಕೆ ದಿಲ್ಲಿಯಲ್ಲಿಯೂ ಗಿರಾಕಿಗಳುಂಟು, ಒಳ್ಳೆಯದೇ. ಶ್ರೀಕೃಷ್ಣ ಪಾರಿಜಾತಕ್ಕೆ ಯಾರಿರುವರು? ಇನ್ನು ಮೊಬಾಯಿಲಿನಲ್ಲಿ ಕಾಣುವದು ನಮ್ಮ ಕೈಯೊಳಗಿನ ಪ್ರತಿಯಲ್ಲ. ಹಾಕಿದವನು ತೆಗೆದರೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಚಿತ್ರಿಸಿಕೊಂಡು ಹೋದ ಪಾರಿಜಾತದ ಆಟವೊಂದರ ಪ್ರತಿಯನ್ನು ಬೆಲೆಕೊಟ್ಟು ಕೊಳ್ಳುವೆನೆಂದು ಒಂದು ಕಚೇರಿಗೆ ಬರೆದೆನು. "ಹುಡುಕುವದು ಸಾಧ್ಯವಿಲ್ಲ" ಎಂದು ಒಂದೂವರೆ ಸಾಲಿನ ಉತ್ತರ. ಉಂಟೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅದರಲ್ಲಿ ಕೊರವಂಜಿಯ ವೇಷ ಕಟ್ಟಿದವನು ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಈಗಿಲ್ಲ. ಅವನ ಮೊಮ್ಮಗಳು ಅಜ್ಜನ ಧ್ವನಿಯನ್ನು ಕೇಳಿಯೇ ಇಲ್ಲ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಡುವಾಗ ಸರಕಾರವು ಒಂದೊಂದು ಮನೆಯನ್ನೂ ಎಣಿಸಿ ಬರೆದುಕೊಂಡಿತು. ಟೇಪುಗಳಿಗೂ ಅಷ್ಟನ್ನು ಮಾಡಲಿ. ಪಟ್ಟಿಯನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲುಗಳ ವಾಚನಾಲಯಗಳಿಗೆ ಕಳಿಸಲಿ. ಕೇಳಿದವರಿಗೆ ಪ್ರತಿ ತೆಗೆಯುವ ಖರ್ಚಿನಲ್ಲಿ ಪ್ರತಿಯನ್ನು ಕೊಡಲಿ. ಮೊದಲನೆಯ ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ.