ಉಸ್ತಾದರ ಮಾತಿಗೊಂದು ಚೀಟಿ ಬೇಕು

ಮಲೆನಾಡಿನಲ್ಲಿ ಮಳೆಗಾಲವೂ ಕಾಲೇಜೂ ಜೂನ್ ತಿಂಗಳಲ್ಲಿ ಒಟ್ಟಿಗೇ ಶುರುವಾಗುತ್ತವೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಆ ದಾರಿಯಲ್ಲಿ ದಿನವೂ ಬಂದು ಹೋಗುವ ವಿದ್ಯಾರ್ಥಿಗಳು ನಮ್ಮ ನಡುವೆ ಅನೇಕರಿದ್ದಾರೆ. ಬಸ್ಸು, ವ್ಯಾನು, ಆಟೊ, ಅಬ್ಬಾನ ಸ್ಕೂಟರ್, ಮಾಮುವಿನ ಹಳೆಯ ಕಾರು, ಹೀಗೆ ಯಾವುದೋ ಒಂದು ಗಾಡಿಯ ಬ್ರೇಕನ್ನು ನಂಬಿಯೇ ನಾವು ಮೊದಲ ಪೀರಿಯಡ್‌ಗೆ ತಲುಪುತ್ತೇವೆ. ಆ ಬ್ರೇಕನ್ನು ಕೊನೆಯ ಸಲ ಬಿಚ್ಚಿ ನೋಡಿದವರು ಯಾರು? ನೋಡಿ ಏನು ಹೇಳಿದರು? ಅವರು ಹೇಳಿದ ಕೆಲಸ ಆಯಿತೇ? ಈ ಮೂರು ಪ್ರಶ್ನೆಗಳನ್ನು ನಮ್ಮ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ಉದ್ದೇಶ.

'ಎಫ್‌ಸಿ ಇದೆಯಲ್ಲ, ಇನ್ನೇನು ಭಯ?' ಎಂದು ಕೆಲವರು ಕೇಳಬಹುದು. ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂಬ ಅರ್ಹತಾ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಬಾಡಿಗೆಗೆ ಓಡುವ ಆಟೊ, ಟ್ಯಾಕ್ಸಿ, ವ್ಯಾನ್, ಬಸ್, ಲಾರಿಗಳಿಗೆ ಇದು ಕಡ್ಡಾಯ. ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಪಡೆಯಬೇಕು. ಬ್ರೇಕ್, ಸ್ಟೀರಿಂಗ್, ಹೆಡ್‌ಲೈಟ್, ಹಾರ್ನ್, ವೈಪರ್, ಗಾಜು, ಹೊಗೆ ಎಲ್ಲವನ್ನೂ ನೋಡುತ್ತಾರೆ. ಆದರೆ ಅದು ಒಂದು ದಿನದ ಪರೀಕ್ಷೆ. ನಾವು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಮರೆಯುತ್ತೇವಲ್ಲ, ಹಾಗೆಯೇ ಎಫ್‌ಸಿಗೆಂದು ಒಳ್ಳೆಯ ಟೈರು ಹಾಕಿಸಿ, ಕೆಲಸ ಮುಗಿದ ಮೇಲೆ ಸವೆದ ಟೈರನ್ನೇ ಮತ್ತೆ ಹಾಕಿಕೊಳ್ಳುವವರೂ ಇದ್ದಾರೆ. ಚಾಲಕರ ನಡುವೆ ಇದೇನೂ ಗುಟ್ಟಿನ ಮಾತಲ್ಲ.

ಸ್ವಂತ ಬಳಕೆಯ ಕಾರು, ಬೈಕು, ಸ್ಕೂಟರ್‌ಗಳ ಕಥೆ ಇನ್ನೂ ಬೇರೆ. ಅವುಗಳ ನೋಂದಣಿ 15 ವರ್ಷದವರೆಗೆ ನಡೆಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅಂದರೆ ಮೊದಲ 15 ವರ್ಷ ನಿಮ್ಮ ಮನೆಯ ಕಾರಿನ ಬ್ರೇಕನ್ನು ಬಿಚ್ಚಿ ನೋಡಬೇಕು ಎಂದು ಯಾವ ಕಚೇರಿಯೂ ಕರೆಯುವುದಿಲ್ಲ. ಎಮಿಷನ್ ಟೆಸ್ಟ್ ಹೊಗೆಯನ್ನು ಮಾತ್ರ ನೋಡುತ್ತದೆ. ಇನ್ಶೂರೆನ್ಸ್ ಅಪಘಾತವಾದ ಮೇಲಿನ ಮಾತು. ಹಾಗಾದರೆ ಗಾಡಿಯ ಅಡಿಗೆ ಮಲಗಿ, ಟಾರ್ಚ್ ಹಿಡಿದು, ನಮ್ಮ ಜೀವ ಎಷ್ಟು ಭದ್ರವಾಗಿದೆ ಎಂದು ನೋಡುವವರು ಯಾರು? ಒಬ್ಬರೇ. ನಮ್ಮ ಬೀದಿಯ ಗ್ಯಾರೇಜಿನ ಉಸ್ತಾದ್. ಅವರು ಹೇಳುವ ಮಾತು ಸರ್ಕಾರಿ ಮುದ್ರೆಯಿಲ್ಲದ ತಪಾಸಣಾ ವರದಿ.

ಆ ವರದಿಗೆ ನಾವು ಕೊಡುವ ಉತ್ತರ ಎಲ್ಲರಿಗೂ ಗೊತ್ತು.

'ಭಾಯ್, ಬ್ರೇಕ್ ಶೂ ಮುಗಿದಿದೆ, ಹಿಂದಿನ ಟೈರೂ ಹೋಗಿದೆ. ಎರಡೂ ಹಾಕಿಬಿಡೋಣ.'

'ಮುಂದಿನ ತಿಂಗಳು ನೋಡೋಣ ಉಸ್ತಾದ್. ಸದ್ಯಕ್ಕೆ ಓಡೋ ಹಾಗೆ ಮಾಡಿಕೊಡಿ.'

ಈ 'ಸದ್ಯಕ್ಕೆ' ಎಂಬ ಪದದಷ್ಟು ಅಪಾಯದ ಪದ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ. ಇದನ್ನು ಹೇಳುವವರೆಲ್ಲ ಜಿಪುಣರೂ ಅಲ್ಲ, ಬೇಜವಾಬ್ದಾರರೂ ಅಲ್ಲ. ನಮ್ಮ ಸಹಪಾಠಿಗಳಲ್ಲೇ ಆಟೊ ಓಡಿಸುವವರ ಮಕ್ಕಳಿದ್ದಾರೆ. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ದುಡಿಮೆಯೂ ಇಲ್ಲ, ಕಂತಿನ ದಿನ ಮುಂದಕ್ಕೆ ಹೋಗುವುದೂ ಇಲ್ಲ. ಫೀಸು, ಬಾಡಿಗೆ, ಕಂತು ಎಲ್ಲ ಸೇರಿದ ತಿಂಗಳಲ್ಲಿ ಟೈರಿನ ದುಡ್ಡು ಕೊನೆಯ ಸಾಲಿಗೆ ಬೀಳುತ್ತದೆ. ಇದನ್ನು ಒಪ್ಪಿಕೊಳ್ಳದೆ 'ಸುರಕ್ಷತೆ ಮೊದಲು' ಎಂದು ಗೋಡೆಗೆ ಪೋಸ್ಟರ್ ಅಂಟಿಸಿದರೆ ಏನೂ ಬದಲಾಗುವುದಿಲ್ಲ.

ಆದರೆ ಗಾಡಿಗೆ ನಮ್ಮ ಮನೆಯ ಕಷ್ಟ ತಿಳಿಯದು. ಬ್ರೇಕ್ ಪ್ಯಾಡ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಲು ಶುರುವಾದರೆ ಡಿಸ್ಕ್ ಕೂಡ ಹಾಳಾಗುತ್ತದೆ. ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಡಿಸ್ಕಿನ ಖರ್ಚೂ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದ ಆಯಿಲ್ ಊರೊಳಗೆ ಓಡಾಡುವಾಗ ಏನೂ ತೋರಿಸಿಕೊಳ್ಳುವುದಿಲ್ಲ. ರಜೆಯಲ್ಲಿ ಮನೆಮಂದಿಯೆಲ್ಲ ಹತ್ತಿ ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಇಳಿಯುವಾಗ, ಬ್ರೇಕ್ ಒತ್ತಿ ಒತ್ತಿ ಬಿಸಿಯಾದಾಗ, ಆ ತೇವ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ ಎಂದು ಹಿರಿಯ ಚಾಲಕರು ಹೇಳುವುದು ಇದೇ ಕಾರಣಕ್ಕೆ. ಟೈರಿನ ಮಾತೂ ಅಷ್ಟೇ. ಅದರ ಗೀರುಗಳು ಇರುವುದು ಮಳೆನೀರನ್ನು ಆಚೆ ತಳ್ಳುವುದಕ್ಕೆ. ಗೀರಿನ ಆಳ ಎರಡು ಮತ್ತು ಮೂರು ಚಕ್ರದ ಗಾಡಿಗೆ ಕನಿಷ್ಠ 0.8 ಮಿಲಿಮೀಟರ್, ಉಳಿದ ಗಾಡಿಗಳಿಗೆ 1.6 ಮಿಲಿಮೀಟರ್ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅದಕ್ಕಿಂತ ಸವೆದ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಂಡು ಜಾರುತ್ತದೆ.

ಇಷ್ಟೆಲ್ಲ ಉಸ್ತಾದರಿಗೆ ಗೊತ್ತು, ಅವರು ಹೇಳಿಯೂ ಇರುತ್ತಾರೆ. ಆದರೂ ಕೆಲಸ ಆಗದೆ ಉಳಿಯಲು ದುಡ್ಡಿನ ಜೊತೆ ಇನ್ನೊಂದು ಕಾರಣವಿದೆ. ಗ್ಯಾರೇಜಿನಲ್ಲಿ ಹೇಳಿದ ಮಾತು ಗ್ಯಾರೇಜಿನಲ್ಲೇ ಉಳಿಯುತ್ತದೆ. ಗಾಡಿ ಬಿಡಲು ಹೋದವನು ತಮ್ಮ. ಓಡಿಸುವವರು ಅಬ್ಬಾ. ಹಿಂದೆ ಕೂರುವವಳು ಅಕ್ಕ. ತಮ್ಮನ ಕಿವಿಗೆ ಬಿದ್ದ ಮಾತು ಅಬ್ಬಾನ ತನಕ ಬರುವಷ್ಟರಲ್ಲಿ 'ಏನೋ ಸಣ್ಣ ಕೆಲಸ ಇದೆಯಂತೆ' ಎಂದಾಗಿರುತ್ತದೆ. ಅಕ್ಕನಿಗಂತೂ ಏನೂ ಗೊತ್ತಿರುವುದಿಲ್ಲ. ಬಾಡಿಗೆ ವ್ಯಾನಿನಲ್ಲಿ ಮಾಲೀಕರು ಒಬ್ಬರು, ಚಾಲಕರು ಇನ್ನೊಬ್ಬರು, ಕೂರುವ ಮಕ್ಕಳು ಹತ್ತು ಮನೆಯವರು. ಯಾರ ಜೀವ ಆ ಬ್ರೇಕಿನ ಮೇಲಿದೆಯೋ ಅವರಿಗೇ ಸುದ್ದಿ ಮುಟ್ಟುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು: ಗ್ಯಾರೇಜಿನ ಸಲಹೆ ಬರವಣಿಗೆಯಲ್ಲಿ ಸಿಗಬೇಕು. ಒಂದು ಸಣ್ಣ ಚೀಟಿ ಸಾಕು. ಗಾಡಿ ನಂಬರು, ತಾರೀಖು, ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ. ಅದರ ಕೆಳಗೆ ಮೂರು ಸಾಲು: ಈಗಲೇ ಆಗಬೇಕಾದದ್ದು, ಒಂದು ತಿಂಗಳೊಳಗೆ ಆಗಬೇಕಾದದ್ದು, ಗಮನದಲ್ಲಿ ಇಡಬೇಕಾದದ್ದು. ಕೊನೆಯಲ್ಲಿ ಮೆಕ್ಯಾನಿಕ್ ಸಹಿ, ಗಿರಾಕಿಯ ಸಹಿ. ಒಂದು ಪ್ರತಿ ಗ್ಯಾರೇಜಿಗೆ, ಒಂದು ಪ್ರತಿ ಮನೆಗೆ.

ಇದು ನಮ್ಮ ಊರಿಗೆ ಹೊಸದಲ್ಲ. ಭದ್ರಾವತಿ 1923ರಿಂದ ಕಬ್ಬಿಣ ಕರಗಿಸಿದ ಊರು. ನಮ್ಮಲ್ಲಿ ಎಷ್ಟೋ ಮಂದಿಯ ದಾದಾ, ನಾನಾ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿದವರು. ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ತಿಳಿದವರಿಂದ ಕನಿಷ್ಠ 12 ತಿಂಗಳಿಗೊಮ್ಮೆ ಪೂರ್ತಿಯಾಗಿ ಪರೀಕ್ಷೆ ಮಾಡಿಸಿ, ಅದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿತ್ತು. ಕ್ರೇನ್ ಓಡಿಸುವವನ ಮಾತೊಂದನ್ನೇ ನಂಬಿ ಯಾರೂ ಅದರ ಕೆಳಗೆ ನಿಲ್ಲಬಾರದು ಎಂಬುದು ಅದರ ತಿರುಳು. ಕಾರ್ಖಾನೆಯಲ್ಲಿ ತಲೆಯ ಮೇಲಿನ ಸರಪಳಿಗೆ ರಿಜಿಸ್ಟರ್ ಬೇಕಾದರೆ, ಮಕ್ಕಳನ್ನು ಕೂರಿಸಿಕೊಂಡು ಓಡುವ ಗಾಡಿಯ ಬ್ರೇಕಿಗೆ ಒಂದು ಚೀಟಿಯಾದರೂ ಬೇಡವೇ?

ಹೊರದೇಶದ ಉದಾಹರಣೆಯೂ ಇದೆ. ಇಂಗ್ಲೆಂಡಿನಲ್ಲಿ ಸ್ವಂತ ಕಾರಿಗೂ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಸುರಕ್ಷತಾ ತಪಾಸಣೆ ಕಡ್ಡಾಯ. ಅದನ್ನು ನಡೆಸುವುದು ಹೆಚ್ಚಾಗಿ ಸರ್ಕಾರದ ಅನುಮತಿ ಪಡೆದ ಸಾಮಾನ್ಯ ಗ್ಯಾರೇಜುಗಳೇ. 2018ರಿಂದ ಅಲ್ಲಿ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸಿ ಬರೆಯುತ್ತಾರೆ. ಇವತ್ತು ಸರಿಯಿದ್ದು ನಾಳೆ ಕೆಡಬಹುದಾದ ಭಾಗದ ಬಗ್ಗೆ ಬೇರೆಯಾಗಿ ಸಲಹೆ ಬರೆಯುತ್ತಾರೆ. ಗಾಡಿ ನಂಬರು ಹಾಕಿದರೆ ಹಿಂದಿನ ವರ್ಷಗಳ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಒಂದು ಬಿಲ್ ಪುಸ್ತಕ, ಒಂದು ಕಾರ್ಬನ್ ಹಾಳೆ, ಒಂದು ಪೆನ್ನು ಸಾಕು.

ಇದಕ್ಕೆ ಬರುವ ಆಕ್ಷೇಪಗಳನ್ನೂ ಯೋಚಿಸಿದ್ದೇನೆ. ಮೊದಲನೆಯದು, 'ಮೆಕ್ಯಾನಿಕ್‌ಗಳು ಬೇಡದ ಕೆಲಸ ಹೇಳಿ ದುಡ್ಡು ಕೀಳುತ್ತಾರೆ, ಅವರ ಚೀಟಿ ನಂಬುವುದು ಹೇಗೆ?' ಹಾಗೆ ಮಾಡುವವರು ಇಲ್ಲ ಎನ್ನಲಾರೆ. ಆದರೆ ಸುಳ್ಳು ಹೇಳುವುದು ಸುಲಭ, ಸುಳ್ಳು ಬರೆದು ಸಹಿ ಹಾಕುವುದು ಕಷ್ಟ. ಚೀಟಿ ಕೈಯಲ್ಲಿದ್ದರೆ ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿ ಕೇಳಬಹುದು. ಬದಲಿಸಿದ ಹಳೆಯ ಭಾಗವನ್ನು ಕೊಡಿ ಎನ್ನಬಹುದು. ತೀರಾ ಅನ್ಯಾಯವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದೇ ಬಿಲ್ಲು, ಕಾಗದ. ಬಾಯಿಮಾತಿನ ರಿಪೇರಿಗೆ ಅಲ್ಲಿ ಬಲವಿಲ್ಲ.

ಎರಡನೆಯ ಆಕ್ಷೇಪ ಗ್ಯಾರೇಜಿನವರದ್ದು. 'ಕೈಯೆಲ್ಲ ಗ್ರೀಸು, ಬರೆಯಲು ಪುರಸೊತ್ತೆಲ್ಲಿ? ಬರೆದುಕೊಟ್ಟರೆ ನಾಳೆ ನಮ್ಮ ಮೇಲೆಯೇ ಬರುತ್ತದೆ.' ನಿಜವಾಗಿ ನೋಡಿದರೆ ಚೀಟಿ ಕಾಪಾಡುವುದು ಮೊದಲು ಉಸ್ತಾದರನ್ನೇ. ಇವತ್ತು ಗಾಡಿ ಎಲ್ಲಾದರೂ ಗುದ್ದಿದರೆ 'ನಿನ್ನೆ ತಾನೇ ಗ್ಯಾರೇಜಿನಿಂದ ಬಂದಿತ್ತು' ಎಂಬ ಮಾತು ಮೊದಲು ಹುಟ್ಟುತ್ತದೆ. ಬ್ರೇಕ್ ಹಾಕಿಸಿ ಎಂದು ಅವರು ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಗಿರಾಕಿಯ ಸಹಿ ಇರುವ ಚೀಟಿ ಆ ಸಾಕ್ಷಿ.

ಇನ್ನೊಂದು ಲಾಭವೂ ಇದೆ. ಕಂಪನಿ ಶೋರೂಮಿನಲ್ಲಿ ಅಚ್ಚಾದ ಹಾಳೆಯ ಮೇಲೆ ಟಿಕ್ ಹಾಕಿ ಕೊಡುತ್ತಾರೆ, ಜನ ನಂಬುತ್ತಾರೆ. ಮೂವತ್ತು ವರ್ಷ ಗಾಡಿ ಬಿಚ್ಚಿದ ಉಸ್ತಾದರ ಮಾತಿಗೆ ಹಾಳೆಯಿಲ್ಲ, ಹಾಗಾಗಿ ಬೆಲೆಯಿಲ್ಲ. ಬಿಡಿಭಾಗಗಳು ಮತ್ತು ರಿಪೇರಿಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಆದರೆ ಬೀದಿಯ ಗ್ಯಾರೇಜಿಗೂ ಮಾರುಕಟ್ಟೆಯಲ್ಲಿ ಹಕ್ಕಿನ ಜಾಗವಿದೆ ಎಂಬುದನ್ನು ಆ ಆದೇಶ ಎತ್ತಿ ಹೇಳಿತು. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲೋ ಭದ್ರಾವತಿಯ ಗಲ್ಲಿಯಲ್ಲೋ ಕೆಲಸ ಮಾಡುವ ನಮ್ಮವರ ಕೈಚಳಕ ಯಾರಿಗೂ ಕಡಿಮೆಯಿಲ್ಲ. ಕಡಿಮೆಯಿರುವುದು ಕಾಗದ ಮಾತ್ರ.

ಇನ್ನು ನಮ್ಮ ಪಾಲಿನ ಕೆಲಸ. ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಆದ್ದರಿಂದ ಕೀಲಿ ಕೇಳುವ ವಯಸ್ಸು ನಮ್ಮದಲ್ಲ, ಪ್ರಶ್ನೆ ಕೇಳುವ ವಯಸ್ಸು ನಮ್ಮದು. ನೀವು ದಿನವೂ ಹತ್ತುವ ವ್ಯಾನಿನ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಎಫ್‌ಸಿ ಮತ್ತು ಇನ್ಶೂರೆನ್ಸ್ ಯಾವ ದಿನದವರೆಗೆ ಇವೆ ಎಂದು ತಿಳಿಯುತ್ತದೆ. ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಂಡದ್ದನ್ನು ಚಾಲಕರ ಮುಖಕ್ಕೆ ಹಿಡಿಯಬೇಡಿ, ಮನೆಯಲ್ಲಿ ಹೇಳಿ. ಟೈರು ಹಾಕಿಸಲು ಕೈಯಲ್ಲಿ ದುಡ್ಡಿಲ್ಲ ಎಂದು ಚಾಲಕರು ಹೇಳಿದರೆ, ಆ ಗಾಡಿಯಲ್ಲಿ ಮಕ್ಕಳನ್ನು ಕಳಿಸುವ ಹತ್ತು ಮನೆಯವರು ಮುಂದಿನ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬಹುದು. ಅದು ದಾನವಲ್ಲ, ನಮ್ಮ ಮಕ್ಕಳಿಗಾಗಿ ನಾವೇ ಮಾಡುವ ಖರ್ಚು.

ಕಾಲೇಜಿಗೂ ಒಂದು ಮನವಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ದಿನ, ವಿದ್ಯಾರ್ಥಿಗಳನ್ನು ಕರೆತರುವ ಆಟೊ, ವ್ಯಾನುಗಳನ್ನೂ ಸಿಬ್ಬಂದಿಯ ಗಾಡಿಗಳನ್ನೂ ನಮ್ಮ ಅಂಗಳದಲ್ಲಿ ನಿಲ್ಲಿಸಿ, ಊರಿನ ಇಬ್ಬರು ಮೂವರು ಉಸ್ತಾದರನ್ನು ಗೌರವದಿಂದ ಕರೆದು ಬ್ರೇಕ್, ಟೈರು, ಲೈಟು, ವೈಪರ್ ನೋಡಿಸೋಣ. ಯಾರಿಗೂ ದಂಡವಿಲ್ಲ, ಯಾರ ಹೆಸರನ್ನೂ ಬೋರ್ಡಿಗೆ ಹಾಕುವುದಿಲ್ಲ. ಪ್ರತಿ ಗಾಡಿಗೂ ಒಂದು ಚೀಟಿ, ಅಷ್ಟೇ. ಚೀಟಿಯ ಪುಸ್ತಕವನ್ನು ವಾಣಿಜ್ಯ ವಿಭಾಗದವರು ತಯಾರಿಸಬಹುದು. ಮಿಕ್ಕ ಪುಸ್ತಕಗಳನ್ನು ಗ್ಯಾರೇಜುಗಳಿಗೆ ಹಂಚಬಹುದು.

ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಮಾತಿದೆ. ಇನ್ನೊಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದನ್ನು ಹಾಗೆಯೇ ಕಾಪಾಡಿ ಹಿಂದಿರುಗಿಸುವುದು. ಬೆಳಿಗ್ಗೆ ತಾಯಿ ಮಗಳನ್ನು ಗಾಡಿ ಹತ್ತಿಸುವಾಗ ಚಾಲಕರಿಗೆ, ಮಾಲೀಕರಿಗೆ, ಮೆಕ್ಯಾನಿಕ್‌ಗೆ ಮೂವರಿಗೂ ಒಂದೇ ಅಮಾನತ್ತನ್ನು ಒಪ್ಪಿಸುತ್ತಾಳೆ. ಮೂವರಲ್ಲಿ ಯಾರು ಏನು ನೋಡಿದರು, ಯಾರು ಏನು ಹೇಳಿದರು ಎಂಬುದು ಆ ತಾಯಿಗೂ ಓದಲು ಸಿಗುವಂತಿರಲಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ 'ಸದ್ಯಕ್ಕೆ ಓಡೋ ಹಾಗೆ ಮಾಡಿ' ಎನ್ನುವ ಬದಲು 'ಏನೇನು ಆಗಬೇಕು ಅಂತ ಬರೆದುಕೊಡಿ ಉಸ್ತಾದ್' ಎಂದು ಕೇಳಿ. ಕೆಲಸ ಇವತ್ತೇ ಆಗದಿದ್ದರೂ, ಏನು ಬಾಕಿ ಇದೆ ಎಂಬುದಾದರೂ ಮನೆಯವರೆಲ್ಲರಿಗೂ ತಿಳಿದಿರುತ್ತದೆ.