‘ಸದರಿ’ ಅಂದವರು ಯಾರು?

ಭಾಷೆ ಎಲ್ಲರಿಗೂ ಬರುತ್ತದೆ, ಅದಕ್ಕೊಬ್ಬ ತಜ್ಞಸಾಕ್ಷಿ ಯಾಕೆ ಎನ್ನುವ ವಕೀಲರು ಠಾಣೆಯ ದೂರೊಂದನ್ನು ಜೋರಾಗಿ ಓದಿಕೊಳ್ಳಲಿ. “ಸದರಿ ಆರೋಪಿತನು ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವಬೆದರಿಕೆ ಹಾಕಿರುತ್ತಾನೆ.” ಕೆಳಗೆ ಹೆಬ್ಬೆಟ್ಟು. ಹೊಲದಿಂದ ನೆಟ್ಟಗೆ ಬಂದ ಹೆಂಗಸು ‘ಸದರಿ’ ಅಂದಳೇ? ಅವನು ಬೈದ ಮಾತೇ ಮಾಯ. ಮುಚ್ಚಳ ಮಾತ್ರ ಉಳಿದಿದೆ.

ಇಂಗ್ಲೆಂಡಿನಲ್ಲಿ ಇಂಥ ಬರವಣಿಗೆ ಒಬ್ಬನ ಕೊರಳಿಗೇ ಬಂತು. 1952ರ ನವೆಂಬರ್, ಕ್ರಾಯ್ಡನ್‌ನ ಒಂದು ಗೋದಾಮಿನ ಮಾಡು. ಪೊಲೀಸನಿಗೆ ಗುಂಡು ಹೊಡೆದವನು 16ರ ಕ್ರೇಗ್. ವಯಸ್ಸು ಸಾಲದೆ ಉಳಿದುಕೊಂಡ. ಆಗಲೇ ಸಿಕ್ಕಿಬಿದ್ದಿದ್ದ 19ರ ಡೆರೆಕ್ ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಅವನು ಕೂಗಿದ್ದನೆಂದು ಪೊಲೀಸರು ಹೇಳಿದ ಮಾತನ್ನು ಕನ್ನಡದಲ್ಲಿ ‘ಕೊಡು ಅವನಿಗೆ’ ಎನ್ನಬಹುದು. ರಿವಾಲ್ವರ್ ಒಪ್ಪಿಸು ಅಂತಲೋ, ಬಾರಿಸು ಅಂತಲೋ? ಹುಡುಗರಿಬ್ಬರೂ ಆ ಮಾತೇ ಆಡಿಲ್ಲವೆಂದರು.

ಉಳಿದದ್ದು ಬೆಂಟ್ಲಿಯ ಹೇಳಿಕೆ. ಪ್ರಶ್ನೆ ಕೇಳದೆ, ಅವನು ಹೇಳಿದ್ದನ್ನೇ ಬರೆದುಕೊಂಡೆವೆಂದು ಪೊಲೀಸರ ಪ್ರಮಾಣ. ದಶಕಗಳ ನಂತರ ಭಾಷಾವಿಜ್ಞಾನಿ ಮಾಲ್ಕಮ್ ಕೌಲ್ಟರ್ಡ್ ಅದರಲ್ಲಿ ‘ದೆನ್’ ಎಂಬ ಪುಟ್ಟ ಪದವನ್ನು ಎಣಿಸಿದರು: 582 ಪದಗಳಲ್ಲಿ 10 ಸಲ. ಅದೂ ಜನರಾಡುವಂತೆ ‘ದೆನ್ ಐ’ ಅಲ್ಲ, ಪೊಲೀಸರು ಬರೆಯುವಂತೆ ‘ಐ ದೆನ್’. ಅವರ ‘ಸದರಿ’ ಅದು! 1998ರಲ್ಲಿ ತೀರ್ಪು ರದ್ದಾದದ್ದು ಮುಖ್ಯವಾಗಿ ಅಂದಿನ ನ್ಯಾಯಮೂರ್ತಿ ಜ್ಯೂರಿಗೆ ಮಾಡಿದ ಏಕಪಕ್ಷೀಯ ಉಪದೇಶದಿಂದ. ಭಾಷಾವಿಜ್ಞಾನ ಗೆದ್ದಿತೆಂದು ಡಂಗುರ ಸಾರಲಾರೆ. ಆದರೂ ತೀರ್ಪು ಕೊಟ್ಟವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ನಮ್ಮಲ್ಲಿ ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ, ನಿಜ. ಮರಣಪೂರ್ವ ಹೇಳಿಕೆ ಸಾಕ್ಷ್ಯ. ಅದೊಂದರ ಮೇಲೇ ಶಿಕ್ಷೆಯಾಗಬಹುದು. ಸುಟ್ಟುಹೋದ ಹೆಂಡತಿ “ಅವ್ರು ಹಚ್ಚಿದ್ರು” ಅಂದಳೆನ್ನಿ. ಹೆಸರು ಹಿಡಿದು ಕರೆಯದ ಗಂಡನೇ ‘ಅವ್ರು’, ಅಥವಾ ಅತ್ತೆಮನೆಯವರೆಲ್ಲ ಸೇರಿ ‘ಅವ್ರು’? ಬರೆದುಕೊಂಡವರು ಒಂದನ್ನು ಆರಿಸಿಕೊಂಡಿರುತ್ತಾರೆ. ಇಂಗ್ಲಿಷಿಗೆ ಹೋದಾಗ ‘ದೇ’ ಆದರೆ ಇಡೀ ಮನೆ ಕಟಕಟೆಯಲ್ಲಿ.

ತಜ್ಞರು ಹಣ ಕೊಟ್ಟವರ ಕಡೆ ವಾಲುತ್ತಾರೆಂಬ ಆಕ್ಷೇಪ ಸುಳ್ಳಲ್ಲ. ಹಾಗಾದರೆ ನ್ಯಾಯಾಲಯವೇ ನೇಮಿಸಲಿ. ತಪ್ಪಿತಸ್ಥ ಯಾರೆಂದು ಅವರು ಹೇಳಕೂಡದು. ಈ ಮಾತಿಗೆ ಎಷ್ಟು ಅರ್ಥ, ಇದು ಯಾರ ಕನ್ನಡ ಎಂದಷ್ಟೇ ಹೇಳಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ವಿಜ್ಞಾನ, ಕಲೆಯ ಜತೆ ‘ಬೇರೆ ಯಾವುದೇ ಕ್ಷೇತ್ರ’ದ ತಜ್ಞರಿಗೂ ಬಾಗಿಲು ತೆರೆದಿದೆ. ಬೆರಳಚ್ಚು ತಜ್ಞ ಆ ಹೆಬ್ಬೆಟ್ಟು ಅವಳದೇ ಎನ್ನುತ್ತಾನೆ. ಅದರ ಮೇಲಿನ ಮಾತು ಯಾರದೆಂದು ಹೇಳುವವರನ್ನೂ ಕರೆಸಿ.