ಗುರಿಯ ಅಭ್ಯಾಸ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಜೋಳ ತೆನೆಗಟ್ಟುವ ಕಾಲಕ್ಕೆ ಹಕ್ಕಿ ಕಾಯುವ ಹುಡುಗರು ಮಂಚಿಕೆಯನ್ನೇರಿ ಕವಣೆ ಬೀಸುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಗುರಿಯಿಡುವ ಹಂಬಲ ಬಾಲಕರಿಗೆ ಹೊಸದಲ್ಲ. ಇಂದು ಅದು ಹೊಲದಿಂದ ಗಣಕಯಂತ್ರದ ಪರದೆಗೆ ಬಂದಿದೆ. ವ್ಯಾಲರೆಂಟ್, ಕೌಂಟರ್-ಸ್ಟ್ರೈಕ್ ಮೊದಲಾದ ಗುಂಡುಹಾರಿಸುವ ಆಟಗಳನ್ನಾಡುವ ಮಕ್ಕಳು ತಾಸುಗಟ್ಟಲೆ ಚುಕ್ಕೆಗಳನ್ನು ಹೊಡೆಯುತ್ತ ಕೂತಿರುವುದನ್ನು ಕಂಡು ತಂದೆತಾಯಿಗಳು ದಿಗಿಲುಗೊಳ್ಳುತ್ತಾರೆ. ಇದು ಆಟವೂ ಅಲ್ಲ, ಓದೂ ಅಲ್ಲ, ಮತ್ತೇನು? ಇದಕ್ಕೆ ಏಮ್ ಟ್ರೇನರ್ ಎಂದು ಹೆಸರು. ಬೈಯುವ ಮೊದಲು ಇದನ್ನು ತಿಳಿದುಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.

ಕುಲಗೋಡದವರಿಗೆ ಇದನ್ನು ವಿವರಿಸುವುದು ಸುಲಭ. ಶ್ರೀಕೃಷ್ಣ ಪಾರಿಜಾತವನ್ನು ಜನರ ರಂಗಕ್ಕೆ ತಂದ ಕುಲಗೋಡ ತಮ್ಮಣ್ಣನ ಊರಲ್ಲವೇ ಅದು! ನೆರೆಯ ಕೌಜಲಗಿಯ ನಿಂಗಮ್ಮನವರಂಥ ಕಲಾವಿದರಿಂದ ಆ ಆಟ ನಾಡೆಲ್ಲ ಹೆಸರಾಯಿತು. ಬೆಳತನಕ ನಡೆಯುವ ಬಯಲಾಟವನ್ನು ತಾಲೀಮಿನಲ್ಲಿ ಯಾರೂ ಇಡಿಯಾಗಿ ಆಡಿ ಕಲಿಯುವುದಿಲ್ಲ. ಹೆಜ್ಜೆಯನ್ನು ಬೇರೆ, ಪದವನ್ನು ಬೇರೆ, ತಾಳವನ್ನು ಬೇರೆ ತಿದ್ದುತ್ತಾರೆ. ಏಮ್ ಟ್ರೇನರ್ ಮಾಡುವುದೂ ಇದನ್ನೇ. ಆಟದಿಂದ ಗುರಿಯಿಡುವ ಒಂದಂಗವನ್ನು ಮಾತ್ರ ಬಿಡಿಸಿಕೊಂಡು ನೂರಾರು ಸಲ ಮಾಡಿಸುತ್ತದೆ. ನಿಂತ ಚುಕ್ಕೆಗೆ ಒಮ್ಮೆಲೇ ಜಿಗಿಯುವುದು, ಓಡುವ ಚುಕ್ಕೆಯನ್ನು ಬಿಡದೆ ಹಿಂಬಾಲಿಸುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಇವೇ ಅದರ ಮುಖ್ಯ ಪಾಠಗಳು. ಕೊವಾಕ್ಸ್ ಮತ್ತು ಏಮ್ ಲ್ಯಾಬ್ ಎಂಬೆರಡು ಹೆಚ್ಚು ಪ್ರಸಿದ್ಧ. ಎರಡನೆಯದನ್ನು ಕಟ್ಟಿದ ಸಂಸ್ಥೆಯ ಸ್ಥಾಪಕರು ನ್ಯೂಯಾರ್ಕಿನಲ್ಲಿ ನರವಿಜ್ಞಾನ ಅಭ್ಯಸಿಸಿದವರು.

ಇದರ ಹಿಂದೊಂದು ಹಳೆಯ ಶಾಸ್ತ್ರವಿದೆ. ಅಮೇರಿಕೆಯ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಒಂದು ನಿಯಮವನ್ನು ಮಂಡಿಸಿದರು. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಅದರ ಸಾರ. ಡಗ್ಲಸ್ ಎಂಗೆಲ್ಬಾರ್ಟ್ ಮೌಸನ್ನು 1968ರ ಡಿಸೆಂಬರ್ 9ರಂದು ಸಭೆಯೆದುರು ತೋರಿಸುವುದಕ್ಕೆ 14 ವರ್ಷ ಮೊದಲಿನ ಮಾತಿದು. ವೇಗ ಬೇಕೆಂದರೆ ಕರಾರುವಾಕ್ಕುತನ ಕೊಂಚ ಕಳೆಯುತ್ತದೆ. ಕರಾರುವಾಕ್ಕಾಗಬೇಕೆಂದರೆ ವೇಗ ತಗ್ಗುತ್ತದೆ. ಹೊಸಬರು ಅಂಕದಾಸೆಗೆ ವೇಗವನ್ನೇ ಬೆನ್ನಟ್ಟಿ ಗುರಿಯನ್ನು ದಾಟಿಹೋಗಿ ಮತ್ತೆ ಹಿಂದೆಳೆಯುತ್ತಾರೆ. ಆ ತಪ್ಪು ಚಲನೆಯೇ ಕೈಗೆ ರೂಢಿಯಾಗುತ್ತದೆ. ಮೊದಲು ನಿಧಾನವಾಗಿ, ತಪ್ಪದಂತೆ ಹೊಡೆದು, ಬಳಿಕ ವೇಗವನ್ನು ಹೆಚ್ಚಿಸತಕ್ಕದ್ದು.

ಸಲಕರಣೆಯ ಬಗೆಗೆ ಒಂದೆರಡು ಮಾತು ಅವಶ್ಯ, ಏಕೆಂದರೆ ಹಣ ಪೋಲಾಗುವುದು ಇಲ್ಲಿಯೇ. 800 ಡಿ.ಪಿ.ಐ. ಎಂದರೆ ಮೌಸು ಒಂದು ಅಂಗುಲ ಸರಿದರೆ 800 ಎಣಿಕೆ ಕಳಿಸುತ್ತದೆಂದಷ್ಟೇ ಅರ್ಥ. ಅಂಕಿ ದೊಡ್ಡದಾದ ಮಾತ್ರಕ್ಕೆ ಗುರಿ ಬಲಿಯದು. ಆಟದಲ್ಲಿ ಪೂರ್ಣ ಒಂದು ಸುತ್ತು ತಿರುಗಲು ಮೌಸನ್ನು ಎಷ್ಟು ಸೆಂಟಿಮೀಟರ್ ಸರಿಸಬೇಕೆಂದು ಮಗನೋ ಮಗಳೋ ಅಳತೆಪಟ್ಟಿಯಿಟ್ಟು ನೋಡಲಿ. ಅದೇ ಅಳತೆ ಟ್ರೇನರಿನಲ್ಲಿಯೂ ಇರಬೇಕು. ದಿನಕ್ಕೊಂದು ಅಳತೆಯಿಟ್ಟುಕೊಂಡರೆ ಕೈಗೆ ಯಾವುದೂ ನಾಟದು. ವಿಂಡೋಸಿನಲ್ಲಿ ‘ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದು ಕೈಯ ವೇಗಕ್ಕೆ ತಕ್ಕಂತೆ ಬಾಣದ ಗುರುತಿನ ಓಟವನ್ನು ಬದಲಿಸುತ್ತದೆ. ಬಹುಮಂದಿ ಆಟಗಾರರು ಅದನ್ನು ತೆಗೆದುಹಾಕುತ್ತಾರೆ. ಸಾವಿರಾರು ರೂಪಾಯಿಯ ಹೊಸ ಮೌಸಿಗಿಂತ ತೋಳು ಧಾರಾಳವಾಗಿ ಆಡುವಷ್ಟು ಅಗಲವಾದ ಹಾಸು ಹೆಚ್ಚು ಪ್ರಯೋಜನಕಾರಿ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಎಷ್ಟು ಹೊತ್ತು? ದಿನಕ್ಕೆ 20–30 ನಿಮಿಷ ಸಾಕು. ವಾರಕ್ಕೊಮ್ಮೆ ಐದು ತಾಸು ಕೂರುವುದಕ್ಕಿಂತ ಇದು ಲೇಸು. ಕಲಿತ ಕೈಚಳಕ ನಿದ್ರೆಯಲ್ಲಿ ಗಟ್ಟಿಗೊಳ್ಳುತ್ತದೆಂದು ಸಂಶೋಧಕರು ಹೇಳುತ್ತಾರೆ. ಆದಕಾರಣ ರಾತ್ರಿ ಎರಡರವರೆಗೆ ಅಭ್ಯಾಸ ಮಾಡುವವನು ಹಗಲಿನ ಗಳಿಕೆಯನ್ನೂ ಕಳೆದುಕೊಳ್ಳುತ್ತಾನೆ. ಈ ಮಾತನ್ನು ಅಪ್ಪನ ಗದರಿಕೆಯಾಗಿ ಅಲ್ಲ, ಆಟದ ಯುಕ್ತಿಯಾಗಿ ಹೇಳಿದರೆ ಮಕ್ಕಳು ಕೇಳಿಯಾರು! ಮತ್ತೊಂದು ಮಾತು: ಟ್ರೇನರಿನ ಅಂಕ ಏರಿದಷ್ಟು ಆಟ ಸುಧಾರಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಎದುರಾಳಿ ಯಾವ ಮೂಲೆಯಿಂದ ಬಂದಾನು ಎಂಬ ಎಣಿಕೆಯನ್ನು ಚುಕ್ಕೆಗಳು ಕಲಿಸವು.

ಇದರಿಂದ ಬದುಕು ಕಟ್ಟಿಕೊಳ್ಳುತ್ತೇನೆಂಬ ಮಕ್ಕಳೂ ಇದ್ದಾರೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ (2023) ಇ-ಸ್ಪೋರ್ಟ್ಸಿಗೆ ಪದಕಗಳನ್ನಿತ್ತರು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯಿದೆಯು ಹಣವಿಟ್ಟಾಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಮಾನ್ಯಮಾಡಿತು. ಆದರೂ ಅದರಿಂದ ಹೊಟ್ಟೆ ಹೊರೆಯುವವರು ಕೆಲವೇ ಮಂದಿ. ಕಾಲೇಜು ಬಿಟ್ಟು ಅದಕ್ಕೆ ನಿಲ್ಲುವುದನ್ನು ನಾವು ಒಪ್ಪಲಾರೆವು.

ಆಟ ಆಡುವುದೇ ರೋಗವಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ಬಂಧುಬಳಗಕ್ಕಿಂತ ಅದೇ ಮುಂದಾಗಿ, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ನಡೆದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ವ್ಯಾಧಿಯೆಂದು ಎಣಿಸಿದೆ. ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಸಂಶಯವಿದ್ದವರು ಕಂಪ್ಯೂಟರ್ ತಂತಿ ಕೀಳುವ ಬದಲು ತಜ್ಞರನ್ನು ಕಾಣಬಹುದು. ಮಣಿಕಟ್ಟು ನೋವು, ಬೆರಳು ಜೋಮು ಇವು ಅದಕ್ಕೂ ಮೊದಲು ಬರುವ ತೊಂದರೆಗಳು. ಮೊಣಕೈಗೆ ಆಧಾರವಿರಲಿ, ಮೇಜು ಮೊಣಕೈಯ ಮಟ್ಟಕ್ಕಿರಲಿ, ನಡುನಡುವೆ ಎದ್ದು ಅಡ್ಡಾಡಲಿ. ಜೋಮು ನಾಲ್ಕಾರು ದಿನ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ಕೈ ತೋರಿಸತಕ್ಕದ್ದು.